ಫಿಲಂ ಮೂಲೆಯ ತಾರೀಖು

ವಡೋದರಾ
3 ಮಾರ್ಚ್ 2003

ನಳಿನಿಗೆ ನಿನ್ನ ಅತ್ತಿಗೆ ಸಾವಿತ್ರಿಯ ಆಶೀರ್ವಾದಗಳು.

ನೀನು ಅಹಮದಾಬಾದ್ ತಲುಪಿ ಮತ್ತೆ ಕೆಲಸಕ್ಕೆ ಹೋಗುತ್ತಿದ್ದೀಯೆಂದು ನಿಮ್ಮಣ್ಣ ಹೇಳಿದರು. ಅಮ್ಮನ ಹದಿಮೂರನೆಯ ದಿನದ ಕಾರ್ಯ ತುಮಕೂರಿನಲ್ಲಿ ಚೆನ್ನಾಗಿಯೇ ನಡೆಯಿತಂತೆ. ಇರುವ ಒಬ್ಬಳೇ ಸೊಸೆ ನಾನು. ನಮ್ಮ ಆಶ್ರಿತಾಳ ಹತ್ತನೇ ಕ್ಲಾಸಿನ ಪರೀಕ್ಷೆ ಎಂದು ಇಲ್ಲಿಯೇ ಉಳಿದುಬಿಟ್ಟೆ. ನೆಂಟರು ಏನಂದುಕೊಂಡರೋ. ನೀನೂ ರೈಲಿನಲ್ಲಿರುವಾಗಲೇ ಎಲ್ಲ ಮುಗಿದುಹೋಯಿತು. ಅಮ್ಮನ ಮುಖ ನೋಡಲು ಸಿಗಲಿಲ್ಲವೆಂದು ನೀನು ಫೋನಿನಲ್ಲಿ ಅತ್ತದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಈಗ ನಿನ್ನೊಬ್ಬಳಿಗೇ ಹೇಳುವ ವಿಷಯ. ನಮ್ಮ ಫೋನ್ ಇರುವುದು ಹಾಲಿನಲ್ಲಿ, ಟಿ.ವಿ. ಪಕ್ಕ. ನಾನು ಪಿಸುಗುಟ್ಟಿದರೂ ನಿಮ್ಮಣ್ಣ "ಏನಂತೆ, ಏನಂತೆ" ಎನ್ನುತ್ತಾರೆ. ಅದಕ್ಕೇ ಈ ಕಾಗದ. ಇವರ ಬ್ಯಾಂಕಿನ ಹೆಂಗಸರ ಸಂಘದವರು ನಲವತ್ತು ದಾಟಿದವರಿಗೆಲ್ಲ ಇಲ್ಲಿನ ಒಂದು ಸೆಂಟರಿನಲ್ಲಿ ಮ್ಯಾಮೋಗ್ರಫಿ ಮಾಡಿಸುತ್ತಿದ್ದಾರೆ. ನೀನು ದಿನವೂ ತೆಗೆಯುತ್ತೀಯಲ್ಲ, ಅದೇ ಎದೆಯ ಎಕ್ಸ್-ರೇ. ಸಂಕ್ರಾಂತಿಯ ಹೊತ್ತಿಗೇ ಹೆಸರು ಕೊಟ್ಟಿದ್ದೆ. ನಿಮ್ಮಣ್ಣ ತುಮಕೂರಿನಲ್ಲಿದ್ದಾಗ ನನ್ನ ಸರದಿ ಬಂತು, ಒಬ್ಬಳೇ ಹೋಗಿ ಬಂದೆ. ಆ ಯಂತ್ರ ರೊಟ್ಟಿ ತಟ್ಟಿದ ಹಾಗೆ ಒತ್ತುತ್ತದೆ ಎಂದು ನೀನು ಮೊದಲೇ ಹೇಳಬಾರದಿತ್ತೇ.

ರಿಪೋರ್ಟು, ಫಿಲಂ ಎರಡೂ ಮೊನ್ನೆ ಬಂದವು. ಎಡಗಡೆ, ಕಂಕುಳಿನ ಹತ್ತಿರ, ಸಣ್ಣ ಬಿಳಿ ಚುಕ್ಕೆಗಳು ಒಂದೆಡೆ ಗುಂಪಾಗಿವೆಯಂತೆ. ಆ ಜಾಗವನ್ನು ದೊಡ್ಡದು ಮಾಡಿ ಇನ್ನೊಂದು ಫಿಲಂ ತೆಗೆಯಬೇಕು, ಬನ್ನಿ ಎಂದು ಬರೆದಿದ್ದಾರೆ. ಕೈಗೆ ಗಂಟು ಗಿಂಟು ಏನೂ ಸಿಗುವುದಿಲ್ಲ, ನೋವೂ ಇಲ್ಲ. ನಿಮ್ಮಣ್ಣನಿಗೆ ಹೇಳಿಲ್ಲ. ಅಮ್ಮ ಹೋದ ಮೇಲೆ ಅವರು ಊಟದ ತಟ್ಟೆಯ ಮುಂದೆ ಸುಮ್ಮನೆ ಕೂತುಬಿಡುತ್ತಾರೆ. ಇದು ಭಯಪಡುವಂಥದೋ ಅಲ್ಲವೋ, ನೀನೇ ಬರೆ. ನೀನು ಏನು ಹೇಳುತ್ತೀಯೋ ಹಾಗೆ ಮಾಡುತ್ತೇನೆ.

ನಿನ್ನ ಅತ್ತಿಗೆ,
ಸಾವಿತ್ರಿ

*

ಅಹಮದಾಬಾದ್
9 ಮಾರ್ಚ್ 2003

ಅತ್ತಿಗೆಗೆ ನಳಿನಿಯ ನಮಸ್ಕಾರ.

ನಿಮ್ಮ ಕಾಗದವನ್ನು ಗಾಬರಿಯಿಂದಲೇ ಓದುತ್ತಾ ಹೋದೆ. ಕಂಕುಳಿನ ಹತ್ತಿರ, ಬಿಳಿ ಚುಕ್ಕೆ ಎನ್ನುವಲ್ಲಿಗೆ ಬಂದಾಗ ಒಬ್ಬಳೇ ಕೂತು ನಕ್ಕುಬಿಟ್ಟೆ. ಅಮ್ಮ ಹೋದ ಮೇಲೆ ನಾನು ನಕ್ಕಿದ್ದು ಇವತ್ತೇ ಮೊದಲು. ಬೆಟ್ಟ ಅಗೆದು ಇಲಿ ಹಿಡಿದಿದ್ದಾರೆ ನಿಮ್ಮ ವಡೋದರಾದವರು. ಅದು ಪೌಡರ್, ಅತ್ತಿಗೆ.

ಪೌಡರಿನ ಕಣ ಚರ್ಮದ ಮೇಲಿದ್ದರೆ ಫಿಲಂನಲ್ಲಿ ಉಪ್ಪು ಚೆಲ್ಲಿದ ಹಾಗೆ ಬಿಳಿ ಚುಕ್ಕೆಯಾಗಿ ಬರುತ್ತದೆ. ರೋಗದ ಚುಕ್ಕೆಯೂ ನೋಡುವುದಕ್ಕೆ ಹಾಗೆಯೇ ಇರುತ್ತದೆ. ಆದ್ದರಿಂದ ಬಂದವರನ್ನೆಲ್ಲ ಯಂತ್ರದ ಮುಂದೆ ನಿಲ್ಲಿಸುವ ಮೊದಲು ನಾನು ಕೇಳುವುದೇ ಒಂದು ಮಾತು: "ಪಾವಡರ್ ಲಗಾವ್ಯೋ ಛೆ, ಬೆನ್?" ಪೌಡರ್ ಹಾಕಿದ್ದೀರಾ ಅಕ್ಕಾ, ಅಂತ. ಹತ್ತರಲ್ಲಿ ಆರು ಜನ ಹೌದು ಎನ್ನುತ್ತಾರೆ. ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡು ಬನ್ನಿ ಎಂದು ಕಳಿಸುತ್ತೇನೆ. ಕಳೆದ ವಾರ ವಟ್ವಾದ ಬಣ್ಣದ ಕಾರ್ಖಾನೆಯ ಕಡೆಯಿಂದ ಒಬ್ಬಾಕೆ ಬಂದಿದ್ದರು. ಮೊದಲ ಫಿಲಂನಲ್ಲಿ ಆಕಾಶದ ತುಂಬ ನಕ್ಷತ್ರ, ಒರೆಸಿ ತೆಗೆದರೆ ಒಂದೂ ಇಲ್ಲ. ನಿಮ್ಮನ್ನು ನಿಲ್ಲಿಸಿದವಳು ಹೊಸಬಳಿರಬೇಕು, ಕೇಳಿರಲಿಕ್ಕಿಲ್ಲ.

ನಿಮ್ಮ ಪೌಡರಿನ ವಿಷಯ ನನಗೆ ಗೊತ್ತಿಲ್ಲವೇ. ನೀವು ಸ್ನಾನ ಮಾಡಿ ಬಂದರೆ ನಮ್ಮ ತುಮಕೂರಿನ ನಡುಮನೆಯಲ್ಲಿ ಬಿಳಿ ಹೆಜ್ಜೆ ಮೂಡುತ್ತಿತ್ತು. "ನನ್ನ ಸೊಸೆ ಎಲ್ಲಿದಾಳೆ ಅಂತ ಹುಡುಕೋದೇ ಬೇಡ ಕಣೇ, ನೆಲ ನೋಡಿದ್ರೆ ಸಾಕು" ಎಂದು ಅಮ್ಮ ಆಡಿಕೊಳ್ಳುತ್ತಿದ್ದಳು. ಬೇಕಿದ್ದರೆ ಆಶ್ರಿತಾಳ ಪರೀಕ್ಷೆ ಮುಗಿದ ಮೇಲೆ ಚೆನ್ನಾಗಿ ತೊಳೆದುಕೊಂಡು ಹೋಗಿ ಇನ್ನೊಂದು ತೆಗೆಸಿ. ಅವಸರವೇನೂ ಇಲ್ಲ. ಅಣ್ಣನಿಗೆ ಹೇಳಿ ಹೆದರಿಸಬೇಡಿ.

ಇಂತಿ,
ನಳಿನಿ

*

ವಡೋದರಾ
27 ಮಾರ್ಚ್ 2003

ನಳಿನಿಗೆ ಆಶೀರ್ವಾದ.

ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಪರೀಕ್ಷೆಯ ಮನೆ ನಿನಗೆ ಗೊತ್ತಲ್ಲ. ಆಶ್ರಿತಾ ಗಣಿತದ ಪೇಪರ್ ಬರೆದು ಬಂದವಳೇ ಪುಸ್ತಕವನ್ನು ಮೂಲೆಗೆ ಎಸೆದು ಮಲಗಿಬಿಟ್ಟಳು.

ನಿನ್ನ ಕಾಗದ ನಾಲ್ಕು ಸಲ ಓದಿದೆ. ಮನಸ್ಸಿಗೆ ಸಮಾಧಾನವಾಯಿತು. ಪೌಡರಿಲ್ಲದೆ ನಾನು ಎಂದಾದರೂ ಹೊಸ್ತಿಲು ದಾಟಿದ್ದುಂಟೇ, ನೀನೇ ಹೇಳು. ಸೆಂಟರಿನಿಂದ ಒಂದು ಸಲ ಫೋನ್ ಮಾಡಿದ್ದರು. ನೀನು ಹೇಳಿದ್ದನ್ನೇ ಹೇಳಿದೆ, ನನ್ನ ನಾದಿನಿ ಇದೇ ಕೆಲಸದಲ್ಲಿದ್ದಾಳೆ ಎಂದೂ ಹೇಳಿದೆ. ಆದರೂ ಬನ್ನಿ ಎಂದರು. ನೋಡೋಣ ಎಂದೆ.

ಅಷ್ಟರಲ್ಲಿ ನಿಮ್ಮಣ್ಣನಿಗೆ ಸೂರತ್ತಿಗೆ ವರ್ಗವಾಗಿದೆ. ಮೇ ತಿಂಗಳಲ್ಲಿ ಹೊರಡಬೇಕು. ಪಾತ್ರೆಗಳಿಗೆ ಪೇಪರ್ ಸುತ್ತುವ ಕೆಲಸ ನಾಳೆಯಿಂದ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ಸಾವಿತ್ರಿ

*

ಅಹಮದಾಬಾದ್
20 ಅಕ್ಟೋಬರ್ 2003

ಅತ್ತಿಗೆಗೆ ನಮಸ್ಕಾರ.

ಸೂರತ್ತಿಗೆ ಹೋಗಿ ಐದು ತಿಂಗಳಾಯಿತು, ನಿಮ್ಮಿಂದ ಒಂದೇ ಒಂದು ಕಾರ್ಡು. ಅದರಲ್ಲೂ ವಿಳಾಸವೇ ಅರ್ಧ. ಫೋನ್ ಮಾಡಿದರೆ "ಎಲ್ಲ ಚೆನ್ನಾಗಿದೀವಮ್ಮ" ಎಂದು ಅಣ್ಣನ ಕೈಗೆ ಕೊಟ್ಟುಬಿಡುತ್ತೀರಿ. ಅಡಾಜಣ್‌ನಲ್ಲಿ ಅಷ್ಟು ಒಳ್ಳೆಯ ಅಕ್ಕಪಕ್ಕದವರು ಸಿಕ್ಕಿದರೋ, ನಾದಿನಿಯನ್ನು ಮರೆಯುವಷ್ಟು?

ದೀಪಾವಳಿಗೆ ರಜೆ ಸಿಗಲಿಲ್ಲ. ನಿಮ್ಮ ಹಳೆಯ ಸೇವಂತಿಗೆ ವಾಸನೆಯ ಪೌಡರ್ ಇಲ್ಲಿ ಒಂದು ಅಂಗಡಿಯಲ್ಲಿ ಸಿಕ್ಕಿತು. ದೊಡ್ಡ ಡಬ್ಬವನ್ನೇ ಪಾರ್ಸೆಲ್ ಮಾಡಿದ್ದೇನೆ. ಎಕ್ಸ್-ರೇ ತೆಗೆಸುವ ದಿನ ಒಂದು ಬಿಟ್ಟು ಬೇಕಾದಷ್ಟು ಬಳಿದುಕೊಳ್ಳಿ. ಆ ಇನ್ನೊಂದು ಫಿಲಂ ತೆಗೆಸಿದಿರಿ ತಾನೇ?

ನಳಿನಿ

*

ಅಡಾಜಣ್, ಸೂರತ್
18 ನವೆಂಬರ್ 2003

ನಳಿನಿಗೆ,

ಡಬ್ಬ ಬಂತು. ಮುಚ್ಚಳ ಬಿಚ್ಚಿಲ್ಲ, ಹಾಗೆಯೇ ಇಟ್ಟಿದ್ದೇನೆ. ಇತ್ತೀಚೆಗೆ ಪೌಡರ್ ಹಾಕುವುದನ್ನೇ ಬಿಟ್ಟಿದ್ದೇನೆ. ವಯಸ್ಸಾಯಿತಲ್ಲ.

ನಮ್ಮದು ನಾಲ್ಕನೇ ಮಹಡಿ. ಬಾಲ್ಕನಿಯಲ್ಲಿ ನಿಂತರೆ ತಾಪಿ ನದಿಯ ಒಂದು ತುಂಡು ಕಾಣುತ್ತದೆ. ಸಂಜೆ ಹಜೀರಾದ ಕಡೆ ಕಾರ್ಖಾನೆಯ ಚಿಮಣಿಯಲ್ಲಿ ಉರಿಯುವ ಬೆಂಕಿಯೂ ಕಾಣುತ್ತದೆ. ಮೊದಮೊದಲು ಯಾವುದಕ್ಕೋ ಬೆಂಕಿ ಬಿದ್ದಿದೆಯೆಂದು ಗಾಬರಿಯಾಗಿತ್ತು. ಅದು ಯಾವಾಗಲೂ ಉರಿಯುತ್ತದೆಯಂತೆ, ಉರಿಯದಿದ್ದರೇ ಅಪಾಯವಂತೆ. ಆಶ್ರಿತಾ ಹನ್ನೊಂದನೇ ಕ್ಲಾಸು. ನನ್ನ ಜೊತೆಯೂ ಹಿಂದಿ, ಅವಳ ಅಪ್ಪನ ಜೊತೆ ಇಂಗ್ಲಿಷು. ಕನ್ನಡ ಕೇಳಬೇಕಾದರೆ ನಿನ್ನ ಕಾಗದವೇ ಗತಿ.

ಫಿಲಂ ವಿಷಯ ಕೇಳಿದ್ದೀಯ. ಸಾಮಾನು ಇನ್ನೂ ಪೂರ್ತಿ ಬಿಚ್ಚಿಲ್ಲ. ಹಳೆಯದು ಟ್ರಂಕಿನ ಅಡಿಯಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಇರಬೇಕು.

ಸಾವಿತ್ರಿ

*

ಅಡಾಜಣ್, ಸೂರತ್
11 ಫೆಬ್ರವರಿ 2004

ನಳಿನಿಗೆ,

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ದಸರೆಯ ಹೊತ್ತಿಗೇ ಎಡಗಡೆ ಒಂದು ಕಡೆ ಚರ್ಮ ಒಳಕ್ಕೆ ಎಳೆದುಕೊಂಡ ಹಾಗಿತ್ತು. ಆಮೇಲೆ ಗಟ್ಟಿಯಾಯಿತು. ಕಳೆದ ವಾರ ಸ್ನಾನದ ಮನೆಯಲ್ಲಿ ಕೈ ಎತ್ತಲಾರದೆ ನಿಂತಿದ್ದೆ, ಆಶ್ರಿತಾ ನೋಡಿಬಿಟ್ಟಳು. ಇಲ್ಲಿನ ಡಾಕ್ಟರು ಕೈ ಇಟ್ಟು ನೋಡಿದವರೇ ನಿಮ್ಮಣ್ಣನನ್ನು ಒಳಗೆ ಕರೆದರು. ಸೂಜಿ ಚುಚ್ಚಿ ಪರೀಕ್ಷೆ ಮಾಡಿದ್ದಾರೆ. ಅದೇ ಎಂದು ಬಂದಿದೆ. ಆ ಶಬ್ದ ಬರೆಯಲು ಕೈ ಬರುವುದಿಲ್ಲ.

ಹಳೆಯ ಫಿಲಂ ಇದ್ದರೆ ತನ್ನಿ, ಹೋಲಿಸಿ ನೋಡಬೇಕು ಎಂದರು. ಟ್ರಂಕಿನಿಂದ ತೆಗೆದೆ. ಅವರು ಬೆಳಕಿಗೆ ಹಿಡಿದು ನೋಡಿ ಮತ್ತೆ ಕವರಿಗೆ ಹಾಕಿದರು. ಆಪರೇಷನ್ ಅಹಮದಾಬಾದಿನಲ್ಲಿ, ನಿನ್ನ ಹತ್ತಿರವೇ ಆಗಲಿ ಎಂದು ನಿಮ್ಮಣ್ಣ ಹಟ ಹಿಡಿದಿದ್ದಾರೆ. ಇವರ ಬ್ಯಾಂಕಿನವರೊಬ್ಬರು ನಾಳೆ ಅಲ್ಲಿಗೆ ಬರುತ್ತಾರೆ, ಅವರ ಕೈಯಲ್ಲಿ ಫಿಲಂ ಕಳಿಸುತ್ತಿದ್ದೇನೆ. ನೀನು ನೋಡಬೇಕಾಗಿಲ್ಲ, ಡಾಕ್ಟರಿಗೆ ಕೊಟ್ಟರೆ ಸಾಕು.

ನಳಿನಿ, ನನಗೆ ಭಯವಾಗುತ್ತಿದೆ.

ಸಾವಿತ್ರಿ

*

ಅಹಮದಾಬಾದ್
16 ಫೆಬ್ರವರಿ 2004

ಅತ್ತಿಗೆಗೆ ನಮಸ್ಕಾರ.

ಫಿಲಂ ತಲುಪಿತು. ನಮ್ಮ ಡಾಕ್ಟರಿಗೆ ತೋರಿಸಿದೆ. ಮಾರ್ಚ್ 2ಕ್ಕೆ ಆಪರೇಷನ್ನಿಗೆ ದಿನ ಗೊತ್ತು ಮಾಡಿದ್ದೇನೆ. 27ಕ್ಕೆ ಹೊರಟು ಬನ್ನಿ, ನನ್ನ ಕೋಣೆಯಲ್ಲೇ ಇರಿ. ಹಳೆಯ ಸಡಿಲವಾದ ರವಿಕೆಗಳನ್ನು ತನ್ನಿ, ಮುಂದೆ ಗುಂಡಿ ಇರುವಂಥವು.

ಫಿಲಂ ಮೂಲೆಯಲ್ಲಿ ತಾರೀಖು ಇದೆ. 14 ಫೆಬ್ರವರಿ 2003. ಕೇಸ್ ಪೇಪರಿನಲ್ಲಿ ಬರೆಯಬೇಕಿತ್ತು, ಬರೆದೆ.

ನಿಮ್ಮನ್ನು ಒಂದು ಮಾತು ಕೇಳಬೇಕೆಂದಿದ್ದೆ. ಬೇಡ ಬಿಡಿ.

ನಳಿನಿ

*

ಅಡಾಜಣ್, ಸೂರತ್
5 ಮೇ 2004

ನಳಿನಿಗೆ ಆಶೀರ್ವಾದ.

ಎರಡನೇ ಕೀಮೋ ಆಯಿತು. ಕೂದಲು ಬಾಚಣಿಗೆಯಲ್ಲೇ ಬಂದುಬಿಡುತ್ತದೆ. ಆಶ್ರಿತಾ ಗುಡಿಸಿ ತೆಗೆದು ಎಲ್ಲಿ ಹಾಕುತ್ತಾಳೋ, ನನ್ನ ಕಣ್ಣಿಗೆ ಬೀಳದ ಹಾಗೆ ಮಾಡುತ್ತಾಳೆ. ಸಾರಿನ ವಾಸನೆ ಬಂದರೆ ಹೊಟ್ಟೆ ತೊಳೆಸುತ್ತದೆ, ಅದಕ್ಕೇ ನಿಮ್ಮಣ್ಣ ಖಿಚಡಿ ಕಲಿತಿದ್ದಾರೆ. ಉಪ್ಪು ಒಂದು ದಿನ ಎರಡು ಸಲ, ಒಂದು ದಿನ ಇಲ್ಲವೇ ಇಲ್ಲ.

ನಿನ್ನ ಕೋಣೆಯಲ್ಲಿ ಮೂರು ವಾರ ಇದ್ದೆ. ಗಾಯದ ನೀರು ಇಳಿಯುವ ಡ್ರೈನಿನ ಬಾಟಲಿಯನ್ನು ದಿನವೂ ನೀನೇ ಅಳೆದು ಚೆಲ್ಲುತ್ತಿದ್ದೆ. ಮಗಳೂ ಅಷ್ಟು ಮಾಡುತ್ತಿರಲಿಲ್ಲ. ಆದರೆ ನೀನು ಮೊದಲಿನ ಹಾಗೆ ಮಾತಾಡಲಿಲ್ಲ. ಒಂದು ದಿನವೂ ನನ್ನನ್ನು ಗೇಲಿ ಮಾಡಲಿಲ್ಲ. ಕೆಲಸದಿಂದ ಬಂದು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ. ನನ್ನಿಂದ ನಿನಗೆ ಕಷ್ಟವಾಯಿತು, ಅದಕ್ಕೇ ಬೇಸತ್ತೆ ಎಂದುಕೊಂಡು ಬೇಗ ಹೊರಟುಬಂದೆ. ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೋ.

ಸಾವಿತ್ರಿ

*

ಅಹಮದಾಬಾದ್
19 ಜುಲೈ 2004

ಅತ್ತಿಗೆ,

ನಿಮ್ಮ ಬೆನ್ನು ನೋವಿನ ಸ್ಕ್ಯಾನಿನ ವಿಷಯ ಅಣ್ಣ ಫೋನಿನಲ್ಲಿ ಹೇಳಿದ. ಮೂಳೆಗೂ ಹೋಗಿದೆ ಎಂದರೆ ಏನೆಂದು ಕೇಳಿದ. ಗೊತ್ತಿಲ್ಲ ಎಂದೆ. ಗೊತ್ತಿತ್ತು.

ನಾನು ನಿಮ್ಮ ಮೇಲೆ ಬೇಸತ್ತಿರಲಿಲ್ಲ. ಹಾಗೆಂದುಕೊಂಡು ನೀವು ಹೋಗಿಬಿಟ್ಟಿರಲ್ಲ ಎಂಬುದು ಇನ್ನೊಂದು ಸಂಕಟ. ಕಳೆದ ವರ್ಷ ಮಾರ್ಚಿನಲ್ಲಿ ನಾನು ಬರೆದ ಕಾಗದ ನಿಮ್ಮ ಹತ್ತಿರ ಇದೆಯೇ? ಇದ್ದರೆ ಹರಿದುಹಾಕಿ. ನಿಮಗೆ ಒಂದು ವಿಷಯ ಹೇಳಬೇಕು. ಕಾಗದದಲ್ಲಿ ಆಗುವುದಿಲ್ಲ. ಬರುವ ತಿಂಗಳು ಬಂದಾಗ ಹೇಳುತ್ತೇನೆ.

ನಳಿನಿ

*

ಅಡಾಜಣ್, ಸೂರತ್
2 ಆಗಸ್ಟ್ 2004

ನಳಿನಿಗೆ,

ಅಕ್ಷರ ಅಂಕುಡೊಂಕಾಗಿದೆ, ಓದಿಕೋ. ಎಡಗೈ ಊದಿಕೊಂಡಿದೆ, ಬಲಗೈಗೂ ಶಕ್ತಿಯಿಲ್ಲ.

ನೀನು ಬಾ. ಆದರೆ ಆ ವಿಷಯ ಬೇಡ. ಏನೆಂದು ನಾನು ಕೇಳುವುದೂ ಇಲ್ಲ. "ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಕಣ್ರೇ" ಎಂದು ಅಮ್ಮ ಎಲ್ಲದಕ್ಕೂ ಹೇಳುತ್ತಿದ್ದರಲ್ಲ, ಹಾಲು ಉಕ್ಕಿದರೂ ಅದೇ, ಮದುವೆ ಮುರಿದರೂ ಅದೇ. ಬಂದಾಗ ಬೇರೆ ಏನಾದರೂ ಮಾತಾಡೋಣ. ನಿನ್ನ ಬೆನ್‌ಗಳ ಕಥೆ ಹೇಳು.

ಆ ಕಾಗದ ಹರಿಯುವುದಿಲ್ಲ. ಅದು ನನಗೆ ಇಷ್ಟವಾದ ಕಾಗದ.

ಸಾವಿತ್ರಿ

*

ಅಡಾಜಣ್, ಸೂರತ್
5 ಡಿಸೆಂಬರ್ 2004

ನಳಿನಿ ಅತ್ತೆಗೆ ಆಶ್ರಿತಾ ನಮಸ್ಕಾರ.

ನನ್ನ ಕನ್ನಡ ಸಣ್ಣ ಮಕ್ಕಳ ತರ ಇದೆ. ನಗಬೇಡಿ. ಅಮ್ಮ ಹೋಗಿ ಒಂದು ತಿಂಗಳು ಆಯ್ತು. ನಿನ್ನೆ ಅಮ್ಮನ ಕಪಾಟು ಕ್ಲೀನ್ ಮಾಡಿದೆ. ನೀವು ಕಳಿಸಿದ ಪೌಡರ್ ಡಬ್ಬ ಇತ್ತು, ಓಪನ್ ಮಾಡಿಲ್ಲ. ಅದರ ಕೆಳಗೆ ನಿಮ್ಮ ಎಲ್ಲ ಕಾಗದ ಇತ್ತು. ಒಂದು ಕವರ್ ಮೇಲೆ ನಿಮ್ಮ ಹೆಸರು ಇದೆ, ಸ್ಟ್ಯಾಂಪ್ ಕೂಡ ಇದೆ. ಅಮ್ಮ ಯಾಕೆ ಪೋಸ್ಟ್ ಮಾಡಲಿಲ್ಲ?

ಕವರ್ ಅಂಟಿಸಿರಲಿಲ್ಲ. ನಾನು ಓದಲು ಟ್ರೈ ಮಾಡಿದೆ. ಸಾರಿ ಅತ್ತೆ. ಅಮ್ಮನ ಅಕ್ಷರ ಕಷ್ಟ. ಅಜ್ಜಿ, ಪೌಡರ್, ಇಲ್ಲ, ಇಷ್ಟು ಗೊತ್ತಾಯ್ತು. ಪಪ್ಪನಿಗೆ ತೋರಿಸಿಲ್ಲ. ಪಪ್ಪ ಈಗ ಅಮ್ಮನ ಯಾವ ಸಾಮಾನೂ ನೋಡಲ್ಲ. ಆ ಕವರ್ ಇದರ ಜೊತೆ ಕಳಿಸಿದೀನಿ. ಅದರಲ್ಲಿ ಏನಿದೆ ಅಂತ ನನಗೆ ನೀವು ಹೇಳಿ. ನಿಜ ಹೇಳಿ.

ಆಶ್ರಿತಾ

*

(ಆ ಕವರಿನಲ್ಲಿದ್ದದ್ದು)

ವಡೋದರಾ
12 ಮಾರ್ಚ್ 2003

ನಳಿನಿಗೆ ಆಶೀರ್ವಾದ.

ನಿನ್ನ ಕಾಗದ ಇವತ್ತು ಮಧ್ಯಾಹ್ನ ಬಂತು. ಓದಿ ನಾನೂ ನಕ್ಕೆ. ನಡುಮನೆಯ ಬಿಳಿ ಹೆಜ್ಜೆ ನೆನಪಾಗಿ ಅಳುವೂ ಬಂತು. ಪಾತ್ರೆ ತೊಳೆಯುತ್ತಿದ್ದಾಗ ತಟ್ಟನೆ ನೆನಪಾಯಿತು. ಅವತ್ತು ನಾನು ಪೌಡರ್ ಹಾಕಿರಲಿಲ್ಲ ನಳಿನಿ.

ಅಮ್ಮ ಹೋಗಿ ಅವತ್ತಿಗೆ ಆರನೇ ದಿನ. ಊರಿಗೆ ಬರಲಾಗದಿದ್ದರೇನು, ಸೂತಕವನ್ನಾದರೂ ನೆಟ್ಟಗೆ ಹಿಡಿಯಬೇಕೆಂದು ಹತ್ತು ದಿನವೂ ಎಣ್ಣೆ, ಹೂವು, ಪೌಡರ್ ಏನೂ ಮುಟ್ಟಿರಲಿಲ್ಲ. ಅಮ್ಮನಿಗೆ ನಾನು ಮಾಡಿದ್ದು ಅದೊಂದೇ. ಸೂತಕದಲ್ಲಿ ಹೊರಗೆ ಹೋಗುವುದೋ ಬೇಡವೋ ಎಂದು ಯೋಚಿಸಿ, ಆಸ್ಪತ್ರೆಗೆ ಯಾವ ಮೈಲಿಗೆ ಎಂದುಕೊಂಡು ಬರೀ ನೀರಿನಲ್ಲಿ ಸ್ನಾನ ಮಾಡಿ ಹೋಗಿದ್ದೆ. ಅಲ್ಲಿನ ಹುಡುಗಿ ಕೇಳಿದಳು, ಪೌಡರ್ ಹಾಕಿದ್ದೀರಾ ಎಂದು. ಇಲ್ಲ ಎಂದೆ. ಆದರೂ ಒರೆಸಿಯೇ ನಿಲ್ಲಿಸಿದಳು.

ಹಾಗಾದರೆ ಆ ಚುಕ್ಕೆಗಳು ಏನು? ನೀನು ದಿನಕ್ಕೆ ಹತ್ತು ಜನರನ್ನು ಕೇಳುತ್ತೀಯಂತೆ, ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಈಗ ಹೇಳುತ್ತಿದ್ದೇನೆ. ನಾನೇನು ಮಾಡಲಿ, ಬೇಗ ಬರೆ.

ಸಾವಿತ್ರಿ

ಮಾರ್ಚ್ 27. ಹದಿನೈದು ದಿನದಿಂದ ಇದು ಮೇಜಿನ ಮೇಲೇ ಇದೆ. ಪೋಸ್ಟಿಗೆ ಹಾಕಲು ಹೊರಟಾಗಲೆಲ್ಲ ನಿನ್ನ ಕಾಗದ ಮತ್ತೆ ಓದುತ್ತೇನೆ. ಅಮ್ಮ ಹೋದ ಮೇಲೆ ಮೊದಲ ಸಲ ನಕ್ಕೆ ಎಂದು ಬರೆದಿದ್ದೀಯ. ಇದು ಸಿಕ್ಕರೆ ಮತ್ತೆ ಆ ಹತ್ತು ದಿನವೇ ನಿನ್ನ ಕಣ್ಣ ಮುಂದೆ ಬರುತ್ತದೆ. ನೋವಿಲ್ಲ, ಗಂಟಿಲ್ಲ. ಕಲಿತವಳು ನೀನು, ನೀನು ಹೇಳಿದ್ದೇ ಸರಿಯಿರಬೇಕು. ಸರಿಯಿರಲಿ ಎಂದು ನನಗೂ ಆಸೆ. ಬೇರೆ ಕಾಗದ ಬರೆದು ಹಾಕುತ್ತೇನೆ.

*

ಅಹಮದಾಬಾದ್
12 ಡಿಸೆಂಬರ್ 2004

ಪ್ರೀತಿಯ ಆಶ್ರಿತಾ,

ನೀನು ಓದುವ ಹಾಗೆ ಅಕ್ಷರ ಬಿಡಿಸಿ ಬಿಡಿಸಿ ಬರೆಯುತ್ತಿದ್ದೇನೆ. ತಿಳಿಯದ್ದನ್ನು ಪಪ್ಪನನ್ನು ಕೇಳು.

ಹೋದ ವರ್ಷದ ಫೆಬ್ರವರಿಯಲ್ಲೇ ನಿನ್ನ ಅಮ್ಮನ ಫಿಲಂನಲ್ಲಿ ಬಿಳಿ ಚುಕ್ಕೆಗಳು ಬಂದಿದ್ದವು. ಅಮ್ಮ ನನ್ನನ್ನು ಕೇಳಿದರು. ಅದು ಪೌಡರ್ ಎಂದು ನಾನು ಬರೆದೆ. ಫಿಲಂ ನೋಡದೆ ಬರೆದೆ. ಅದು ಪೌಡರ್ ಆಗಿರಲಿಲ್ಲ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಹತ್ತು ದಿನ ಸೂತಕ, ಆಗ ನಾವು ಪೌಡರ್, ಹೂವು ಮುಟ್ಟುವುದಿಲ್ಲ. ಅಜ್ಜಿ ಹೋಗಿ ಆರನೇ ದಿನ ತೆಗೆದ ಫಿಲಂ ಅದು. ನಿನ್ನ ಪಪ್ಪ ತುಮಕೂರಿನಲ್ಲಿದ್ದಾಗ ಹೋಗಿದ್ದೆ ಎಂದು ಅಮ್ಮ ಬರೆದೇ ಇದ್ದರು. ಸತ್ತವಳು ನನ್ನ ತಾಯಿ, ಆ ಹತ್ತು ದಿನ ನಾನೂ ಪೌಡರ್ ಮುಟ್ಟಿರಲಿಲ್ಲ. ಆದರೂ ನನಗೆ ಹೊಳೆಯಲಿಲ್ಲ. ಒಂದು ವರ್ಷದ ಮೇಲೆ ಫಿಲಂ ನನ್ನ ಕೈಗೆ ಬಂದಾಗ, ದೀಪದ ಪೆಟ್ಟಿಗೆಯ ಮೇಲೆ ಇಟ್ಟು ಮೂಲೆಯ ತಾರೀಖು ನೋಡಿದೆ. ಅವತ್ತು ಗೊತ್ತಾಯಿತು. ಅಮ್ಮನಿಗೆ ಗೊತ್ತಿಲ್ಲ ಎಂದುಕೊಂಡು ಮುಚ್ಚಿಟ್ಟೆ. ಅಮ್ಮನಿಗೆ ನನಗಿಂತ ಮೊದಲೇ ಗೊತ್ತಿತ್ತು. ನನ್ನ ಮನಸ್ಸು ನೋಯಬಾರದೆಂದು ಅವರು ಮುಚ್ಚಿಟ್ಟರು. ನೀನು ಕಳಿಸಿದ ಕಾಗದದಲ್ಲಿ ಇರುವುದು ಇಷ್ಟು.

ಆಗಲೇ ಚಿಕಿತ್ಸೆ ಮಾಡಿದ್ದರೆ ಅಮ್ಮ ಉಳಿಯುತ್ತಿದ್ದರು ಎಂದು ಯಾರೂ ಬರೆದುಕೊಡಲಾರರು. ಉಳಿಯುತ್ತಿರಲಿಲ್ಲ ಎಂದೂ ಯಾರೂ ಹೇಳಲಾರರು. ಒಂದು ವರ್ಷ ಹೋಯಿತು, ಅದು ನನ್ನಿಂದ ಹೋಯಿತು.

ಇವತ್ತು ಬೆಳಿಗ್ಗೆ ಎಂಟು ಜನ ಬಂದಿದ್ದರು. ಎಂಟು ಜನರನ್ನೂ ಕೇಳಿದೆ, ಪೌಡರ್ ಹಾಕಿದ್ದೀರಾ ಎಂದು. ಐದು ಜನ ಹೌದು ಎಂದರು, ಮೂವರು ಇಲ್ಲ ಎಂದರು. ಒಬ್ಬೊಬ್ಬರಿಗೆ ಅರ್ಧ ನಿಮಿಷ ಕೂಡ ಹಿಡಿಯಲಿಲ್ಲ.

ಈ ಕಾಗದವನ್ನೂ ಅಮ್ಮನ ಕಾಗದವನ್ನೂ ಪಪ್ಪನಿಗೆ ಓದಲು ಕೊಡು. ಅಮ್ಮನದನ್ನು ಇದರ ಜೊತೆ ಹಿಂದಕ್ಕೆ ಕಳಿಸಿದ್ದೇನೆ. ಓದಿದ ಮೇಲೆ ಅಣ್ಣ ನನ್ನ ಮುಖ ನೋಡುವುದಿಲ್ಲ ಎಂದರೆ ಅದಕ್ಕೂ ನಾನು ತಯಾರಾಗಿದ್ದೇನೆ. ನಾಳೆ ಎಂದರೆ ನನಗೂ ಧೈರ್ಯ ಸಾಲುವುದಿಲ್ಲ. ಇದನ್ನು ಈಗಲೇ ಕೆಳಗೆ ಹೋಗಿ ಅಂಚೆ ಡಬ್ಬಿಗೆ ಹಾಕಿ ಬರುತ್ತೇನೆ.

ನಿನ್ನ ಅತ್ತೆ,
ನಳಿನಿ